ಕಟ್ಟು ಬೇಕೋ, ಬೇಳೆ ಬೇಕೋ

ಬೆಳಗಿನ ಎಂಟೂವರೆಗೆ ದಿಣ್ಣೂರು ಮೇನ್ ರೋಡಿನಲ್ಲಿ ಐದು ನಿಮಿಷ ನಿಂತರೆ ಸಾಕು, ಆರ್.ಟಿ. ನಗರ ಏನೇನು ತಿಂದು ಬದುಕುತ್ತದೆ ಎಂಬುದನ್ನು ಮೂಗೇ ಹೇಳಿಬಿಡುತ್ತದೆ. ಬೇಕರಿಯ ಕಪ್ಪು ತಟ್ಟೆಗಳಲ್ಲಿ ಆಗತಾನೆ ಹೊರಬಂದ ಬನ್ನು, ದರ್ಶಿನಿಯ ಚಟ್ನಿಗೆ ಸಿಡಿದ ಸಾಸಿವೆ, ಮಧ್ಯಾಹ್ನದ ಬಿರಿಯಾನಿಗೆ ಈಗಿನಿಂದಲೇ ಹುರಿಯಲು ಹಾಕಿದ ಈರುಳ್ಳಿ, ಇವುಗಳ ನಡುವೆ ತಳ್ಳುಗಾಡಿಯ ಮೇಲೆ ನೀರು ಚಿಮುಕಿಸಿಕೊಂಡು ಕೂತ ಮರುಗ, ಮಲ್ಲಿಗೆ. ಸುಲ್ತಾನ್‌ಪಾಳ್ಯದ ಕಡೆಯಿಂದ ಬಂದ ಆಟೊದಲ್ಲಿ ಮಕ್ಕಳಿಗಿಂತ ಶಾಲೆಯ ಚೀಲಗಳೇ ಹೆಚ್ಚು ಕಾಣುತ್ತವೆ. ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಬಡಾವಣೆಯಿದು; ಆ ಪೂರ್ತಿ ಹೆಸರನ್ನು ಯಾವ ಕಂಡಕ್ಟರೂ ಕೂಗಿದ್ದನ್ನು ನಾನಂತೂ ಕೇಳಿಲ್ಲ.

ಈ ವಾಸನೆಗಳನ್ನೆಲ್ಲ ಹಿಂದೆ ಬಿಟ್ಟು ಒಂದು ಅಡ್ಡರಸ್ತೆಗೆ ತಿರುಗಿದರೆ, ಕೆಳಗೆ ಜೆರಾಕ್ಸ್ ಅಂಗಡಿ, ಅದರ ಮೇಲೆ ಬ್ಲೌಸ್ ಹೊಲಿಯುವ ಟೈಲರ್, ಅದರ ಮೇಲೆ ಒಂದು ಲ್ಯಾಬು. ಮೆಟ್ಟಿಲು ಹತ್ತುತ್ತ ಹೋದಂತೆ ಹೊಲಿಗೆ ಯಂತ್ರದ ಟಕಟಕ ಕೆಳಗುಳಿದು ಫ್ರಿಜ್ಜುಗಳ ಗುಂಯ್ ಎನ್ನುವ ಸದ್ದು ಮೇಲಿನಿಂದ ಇಳಿದು ಬರುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅವರ ರಬ್ಬರ್ ಚಪ್ಪಲಿ ಮೆಟ್ಟಿ, ನನ್ನಂಥ ಇಬ್ಬರು ಹಿಡಿಸುವಷ್ಟು ದೊಗಳೆಯಾದ ಬಿಳಿ ಕೋಟು ತೊಟ್ಟು ಒಳಗೆ ಹೋದೆ. ಅಕ್ಕನ ಮಗಳು ಇಲ್ಲಿ ತನ್ನ ಎಂ.ಫಾರ್ಮಾ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ‘ಚಿಕ್ಕಮ್ಮ, ನೀನು ಅಡುಗೆಮನೇಲಿ ಮಾಡೋದನ್ನೇ ನಾನಿಲ್ಲಿ ಮಾಡೋದು, ಒಂದ್ಸಲ ಬಂದು ನೋಡು’ ಎಂದು ವಾರದಿಂದ ಗಂಟುಬಿದ್ದಿದ್ದಳು.

ಅವಳು ಮೊದಲು ತೋರಿಸಿದ್ದು ಬಿಸಿನೀರಿನ ತೊಟ್ಟಿಯಲ್ಲಿ ತೇಲುತ್ತಿದ್ದ ಒಂದು ಪ್ಲಾಸ್ಟಿಕ್ ಚೀಲ. ರಕ್ತನಿಧಿಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿಸಿಟ್ಟಿದ್ದು, ಅವಧಿ ಮೀರಿದ ಮೇಲೆ ರೋಗಿಗೆ ಕೊಡುವಂತಿಲ್ಲವಾಗಿ ಕಲಿಯುವವರ ಕೈಗೆ ಬಂದ ಪ್ಲಾಸ್ಮಾ. ಕಣಗಳನ್ನೆಲ್ಲ ತೆಗೆದ ಮೇಲೆ ಉಳಿಯುವ ರಕ್ತದ ನೀರು ಅದು. ಮೈಯ ರಕ್ತದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಇದೇ ಇರುತ್ತದೆ. ರಕ್ತವೆಂದರೆ ಕೆಂಪು ಎಂದುಕೊಂಡು ಹೋದ ನನಗೆ ಕಿಟಕಿಯ ಬೆಳಕಿಗೆ ಹಿಡಿದ ಆ ಚೀಲ ಕಂಡು ಮಾತೇ ಬರಲಿಲ್ಲ. ಒಬ್ಬಟ್ಟಿಗೆ ತೊಗರಿಬೇಳೆ ಬೇಯಿಸಿ ಬಸಿದಾಗ ಪಾತ್ರೆಗೆ ಇಳಿಯುತ್ತದಲ್ಲ ಕಟ್ಟು, ಥೇಟ್ ಅದೇ ಬಣ್ಣ. ಅಲುಗಾಡಿಸಿದರೆ ಅಂಚಿನಲ್ಲಿ ನೊರೆ ಕಟ್ಟುವುದೂ ಹಾಗೇ. ‘ಆ ನೊರೆ ಪ್ರೊಟೀನಿಂದ’ ಎಂದಳು.

100 ಮಿಲಿಲೀಟರ್ ಪ್ಲಾಸ್ಮಾದಲ್ಲಿ ಸುಮಾರು 7 ಗ್ರಾಂ ಪ್ರೊಟೀನು ಕರಗಿ ಕೂತಿರುತ್ತದೆ. ಅರ್ಧಕ್ಕಿಂತ ಹೆಚ್ಚು ಆಲ್ಬುಮಿನ್, ಉಳಿದದ್ದರಲ್ಲಿ ಬಹುಪಾಲು ಗ್ಲಾಬ್ಯುಲಿನ್‌ಗಳು, ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಒಂದಿಷ್ಟು. ಹುಡುಗಿಗೆ ಬೇಕಾದ್ದು ಇವ್ಯಾವುದೂ ಅಲ್ಲ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ರಕ್ತದಲ್ಲಿ ಎಷ್ಟು ಓಡಾಡುತ್ತಿದೆ ಎಂದು ಅಳೆಯುವುದು ಅವಳ ಕೆಲಸ. ಮಾತ್ರೆ ನುಂಗಿದ ಮೇಲೆ ಒಂದು ಮಿಲಿಲೀಟರಿನಲ್ಲಿ ಅದು ಸಿಕ್ಕರೆ 10–20 ಮೈಕ್ರೋಗ್ರಾಂ. ಅದೇ ಒಂದು ಮಿಲಿಲೀಟರಿನಲ್ಲಿ ಪ್ರೊಟೀನು ಅದರ ನಾಲ್ಕೈದು ಸಾವಿರ ಪಟ್ಟು. ತೇರಿನ ಜನಜಂಗುಳಿಯಲ್ಲಿ ಕಳೆದುಹೋದ ಮಗುವನ್ನು ಹುಡುಕಬೇಕಾದರೆ ಮೊದಲು ಜನರನ್ನು ಆಚೆ ಕಳಿಸಬೇಕು. ಕಳಿಸದಿದ್ದರೆ ಇನ್ನೊಂದು ಅಪಾಯವಿದೆ. ಔಷಧಿಯನ್ನು ಅಳೆಯಲೆಂದು ಮೂಲೆಯಲ್ಲಿ ಕೂತ ಎಚ್‌ಪಿಎಲ್‌ಸಿ ಯಂತ್ರದ ಜೀವವಿರುವುದು ಗೇಣುದ್ದದ ಒಂದು ಉಕ್ಕಿನ ಕೊಳವೆಯಲ್ಲಿ. ಒಳಗಿನ ಬಾಯಿ 4.6 ಮಿಲಿಮೀಟರ್, ಅದರ ತುಂಬ ಹಿಟ್ಟಿಗಿಂತ ನುಣ್ಣನೆಯ ಸಿಲಿಕಾ. ಪ್ರೊಟೀನು ಹೊಕ್ಕರೆ ಸಿಂಕಿನ ಪೈಪಿನಲ್ಲಿ ಅನ್ನದಗುಳು ಕಟ್ಟಿಕೊಂಡ ಹಾಗೆ. ಆ ಕೊಳವೆಯ ಬೆಲೆ ಹೇಳುವಾಗ ಅವಳು ದನಿ ತಗ್ಗಿಸಿದಳು.

ಪ್ರೊಟೀನನ್ನು ಆಚೆ ಕಳಿಸುವ ದಾರಿ ಒಂದೇ ಅಲ್ಲ. ಯಾವುದು ವಾಸಿ ಎಂದು ಅಕ್ಕಪಕ್ಕ ಇಟ್ಟು ನೋಡುವುದೇ ಇವತ್ತಿನ ಕೆಲಸ. ಕಿರುಬೆರಳಿಗಿಂತ ಚಿಕ್ಕ ಟ್ಯೂಬುಗಳು ಸ್ಟ್ಯಾಂಡಿನಲ್ಲಿ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು, ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದ ಒಂದೊಂದು ಅಕ್ಷರ. ಗೊತ್ತಿರುವಷ್ಟು ಪ್ಯಾರಾಸಿಟಮಾಲನ್ನು ತಾನೇ ಬೆರೆಸಿಟ್ಟ ಪ್ಲಾಸ್ಮಾವನ್ನು ಒಂದೊಂದಕ್ಕೂ ನೂರು ಮೈಕ್ರೋಲೀಟರಿನಂತೆ ಹಾಕುತ್ತ ಹೋದಳು. ಲೆಕ್ಕಕ್ಕೆ ಎರಡೇ ಹನಿ. ಪೈಪೆಟ್ಟಿನ ಗುಂಡಿ ಒತ್ತಿದಾಗ ಟಿಕ್, ಬಳಸಿದ ಟಿಪ್ಪು ಡಬ್ಬಿಗೆ ಬಿದ್ದಾಗ ಇನ್ನೊಂದು ಟಿಕ್. ಹೂ ಕಟ್ಟುವವರ ಬೆರಳಿಗಿರುವ ಲಯವೇ ಇವಳ ಹೆಬ್ಬೆರಳಿಗೂ ಬಂದಿದೆ.

ಮೊದಲ ಸರದಿ ಅಸಿಟೋನೈಟ್ರೈಲಿನದು. ಗಾಳಿ ಹೀರುವ ಗಾಜಿನ ಗೂಡಿನೊಳಗೆ ಕೈಯಿಟ್ಟು ಸೀಸೆಯ ಮುಚ್ಚಳ ತಿರುವಿದರೂ ಒಂದೆಳೆ ಸಿಹಿ ಘಾಟು ಹೊರಗೆ ಬಂತು. ‘ಸಿಹಿ ಅಂತ ಮೋಸ ಹೋಗ್ಬೇಡ, ಮೈಯೊಳಗೆ ಹೋದ್ರೆ ಸಯನೈಡ್ ಆಗತ್ತೆ’ ಎಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನನಗೆ ತೋರಿಸಲೆಂದೇ ಒಂದು ಟ್ಯೂಬಿಗೆ ಪ್ಲಾಸ್ಮಾದಷ್ಟೇ, ಒಂದಕ್ಕೊಂದು ಹಾಕಿದಳು. ಕಟ್ಟು ಹಾಲಾಯಿತು, ಅಷ್ಟೇ; ಮಬ್ಬು ಮಬ್ಬಾಗಿ ಏನೂ ನಿರ್ಧಾರವಾಗದೆ ನಿಂತುಬಿಟ್ಟಿತು. ಪಕ್ಕದ ಟ್ಯೂಬಿಗೆ ಒಂದಕ್ಕೆ ಮೂರು ಪಾಲು ಸುರಿದು, ಬುಡವನ್ನು ಗರಗರನೆ ನಡುಗಿಸುವ ವೋರ್ಟೆಕ್ಸಿನ ಮೇಲೆ ಒತ್ತಿ ಹಿಡಿದಳು. ಕ್ಷಣಾರ್ಧದಲ್ಲಿ ನಿಂಬೆಹುಳಿ ಹಿಂಡಿದ ಹಾಲಿನಂತೆ ಒಡೆದು, ಬಿಳಿಯ ಚೂರುಗಳು ಒಂದಕ್ಕೊಂದು ಅಂಟಿಕೊಂಡು, ಕೊನೆಗೆ ಜಗಿದ ಚೂಯಿಂಗ್ ಗಮ್ಮಿನಂಥ ಮುದ್ದೆ ಗೋಡೆಗೆ ಮೆತ್ತಿಕೊಂಡಿತು.

ನೀರಿನಲ್ಲಿ ಪ್ರೊಟೀನು ಕರಗಿರುವುದು ನೀರಿನ ಹೊದಿಕೆ ಹೊದ್ದುಕೊಂಡು. ಅಸಿಟೋನೈಟ್ರೈಲು, ಮೆಥನಾಲು ಬಂದು ಸೇರಿದರೆ ಆ ಹೊದಿಕೆ ಜಾರುತ್ತದೆ. ಅದುವರೆಗೆ ದೂರ ದೂರ ಇದ್ದವು ಒಂದಕ್ಕೊಂದು ತಾಗಿ, ತಾಗಿದವು ಬಿಡದೆ ಹಿಡಿದು, ಗಂಟಾಗಿ ತಳಕ್ಕೆ ಕೂರುತ್ತವೆ. ಇದು ಅವಳ ಪಾಠ. ಮೆಥನಾಲ್ ಹಾಕಿದ ಟ್ಯೂಬಿಗೆ ಪಾಲು ಹೆಚ್ಚು ಬೇಕಾಯಿತು, ನಾಲ್ಕು. ಅಲ್ಲಿ ಬಂದದ್ದು ಮುದ್ದೆಯಲ್ಲ, ಹಿಂಜಿದ ಅರಳೆಯಂಥ ಹಗುರ ಎಸಳುಗಳು. ನೋಡಲು ನನಗೆ ಇದೇ ಚಂದ ಕಂಡಿತು, ಹೇಳಿದೆ. ‘ಚಂದ ಅಷ್ಟೇ ಅಲ್ಲ, ಆ ಗಟ್ಟಿ ಮುದ್ದೆಯೊಳಗೆ ಕೆಲವು ಔಷಧಿ ಸಿಕ್ಕಾಕ್ಕೊಂಡ್ಬಿಡತ್ತೆ, ಇದರಲ್ಲಿ ಆ ಭಯ ಕಡಿಮೆ. ಆದ್ರೆ ಇದು ರಕ್ತದ ಜಿಡ್ಡನ್ನ ಜಾಸ್ತಿ ಉಳಿಸತ್ತೆ.’ ಜಿಡ್ಡೆಂದರೆ ಫಾಸ್ಫೊಲಿಪಿಡ್‌ಗಳು. ಇನ್ನೂ ಸೂಕ್ಷ್ಮವಾದ ಮಾಸ್ ಸ್ಪೆಕ್ಟ್ರೋಮೀಟರಿನಂಥ ಯಂತ್ರಕ್ಕೆ ಅವು ಹೋದರೆ ಔಷಧಿಯ ದನಿ ಅಡಗಿಹೋಗುತ್ತದಂತೆ.

ಮೂರನೆಯದು ಟಿಸಿಎ, ಟ್ರೈಕ್ಲೋರೋಅಸಿಟಿಕ್ ಆಮ್ಲ. ಚರ್ಮದ ಡಾಕ್ಟರರು ಮುಖದ ಮೇಲ್ಪದರ ಸುಲಿಯಲು ಬಳಸುವುದೂ ಇದನ್ನೇ ಎಂದ ಮೇಲೆ ಅವಳು ಎರಡನೇ ಜೊತೆ ಕೈಗವಸು ಏಕೆ ಹಾಕಿಕೊಂಡಳೆಂದು ಕೇಳಬೇಕಾಗಲಿಲ್ಲ. ಇದು ಬಲು ಮಿತವ್ಯಯಿ, ಸ್ವಲ್ಪವೇ ಸಾಕು. ಹಾಕಿದ್ದೇ ತಡ ಗಟ್ಟಿ ಮೊಸರು. ಹುಳಿಗೆ ಹೆದರದ ಔಷಧಿಯಾದರೆ ಸರಿ, ಹುಳಿಯಲ್ಲಿ ಮುರಿದುಬೀಳುವಂಥದ್ದಾದರೆ ಪ್ರೊಟೀನಿನ ಜೊತೆ ಹುಡುಕುತ್ತಿದ್ದ ಮಗುವೂ ಹೋಯಿತು. ನಾಲ್ಕನೆಯದು ಸತುವಿನ ಸಲ್ಫೇಟು, ಜೊತೆಗೆ ಚೂರು ಸೋಡಿಯಂ ಹೈಡ್ರಾಕ್ಸೈಡು. ಇಲ್ಲಿ ಒಡೆಯುವ ನಾಟಕವೇನಿಲ್ಲ. ಸಬ್ಬಕ್ಕಿ ಗಂಜಿಯಂತೆ ಲೋಳೆಲೋಳೆಯಾಗಿ, ತನ್ನ ಪಾಡಿಗೆ ತಾನು ಗಟ್ಟಿಯಾಗುತ್ತದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ದಿನಾ ನುಂಗುವ ಟ್ಯಾಕ್ರೊಲಿಮಸ್ ಎಂಬ ಔಷಧಿ ಕೆಂಪು ಕಣಗಳೊಳಗೆ ಅವಿತಿರುತ್ತದೆ. ಅದನ್ನು ಅಳೆಯಲು ಪ್ಲಾಸ್ಮಾ ಸಾಲದು, ಇಡೀ ರಕ್ತವೇ ಬೇಕು. ಕಣವನ್ನೂ ಒಡೆದು ಪ್ರೊಟೀನನ್ನೂ ಇಳಿಸುವ ಆ ಕೆಲಸಕ್ಕೆ ಸತುವಿನ ಸಲ್ಫೇಟನ್ನು ಮೆಥನಾಲ್ ಅಥವಾ ಅಸಿಟೋನೈಟ್ರೈಲ್ ಜೊತೆ ಸೇರಿಸಿ ಬಳಸುತ್ತಾರೆ. ಅಲ್ಲಿ ಹುಡುಕುವುದು ಮೈಕ್ರೋಗ್ರಾಂ ಕೂಡ ಅಲ್ಲ, ಮಿಲಿಲೀಟರಿಗೆ ಸಾಮಾನ್ಯವಾಗಿ 5ರಿಂದ 15 ನ್ಯಾನೋಗ್ರಾಂ. ಕಸಿಯಾದ ಕಿಡ್ನಿ ಉಳಿಯುವುದು ಹೋಗುವುದು ಆ ಅಂಕಿಯ ಮೇಲೆ.

ಎಲ್ಲ ಟ್ಯೂಬುಗಳೂ ಸೆಂಟ್ರಿಫ್ಯೂಜಿನ ಹೊಟ್ಟೆಗಿಳಿದವು, ಎದುರುಬದುರಾಗಿ, ತೂಕ ಸರಿದೂಗುವ ಹಾಗೆ. ಒಂದು ಪಕ್ಕ ಭಾರವಾದರೆ ಯಂತ್ರ ಮೇಜಿನ ಮೇಲೆ ನಡೆದಾಡಿಬಿಡುತ್ತದೆ, ಹಳೇ ವಾಷಿಂಗ್ ಮೆಷೀನಿನಂತೆ. ನಿಮಿಷಕ್ಕೆ 10,000 ಸುತ್ತು, 10 ನಿಮಿಷ. ಮೊದಲು ಜೇನುಹುಳುವಿನ ಗುಂಯ್, ಆಮೇಲೆ ಸೀಟಿ, ಆಮೇಲೆ ಕಿವಿ ಅದನ್ನು ಮರೆತೇಬಿಡುವಂಥ ಒಂದೇ ಸ್ವರ.

ಹೊರಗಿನ ಕೋಣೆಯಲ್ಲಿ ಕಾಫಿ ಬಂತು. ಅಲ್ಲಿನ ಹಿರಿಯ ಟೆಕ್ನಿಷಿಯನ್ನರು ಲೋಟ ಹಿಡಿದುಕೊಂಡೇ ಮಾತಿಗೆ ತೊಡಗಿದರು. ‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಮೇಡಂ? ಫೋಲಿನ್–ವು ಮಾಡಿ ಮಾಡೀನೇ ನಾವು ಕೆಲಸ ಕಲ್ತಿದ್ದು. ರಕ್ತ ಒಂದು, ನೀರು ಏಳು, ಟಂಗ್‌ಸ್ಟೇಟು ಒಂದು, ಆಸಿಡ್ಡು ಒಂದು. ಒಟ್ಟು ಹತ್ತು.’ ಸೊಸೆಗೆ ಹುಳಿಪುಡಿಯ ಅಳತೆ ಹೇಳುವ ಅತ್ತೆಯ ಹಾಗೆ ಬೆರಳು ಮಡಿಸಿ ಹೇಳಿದರು. ಕೆಂಪು ರಕ್ತ ಚಾಕಲೇಟು ಬಣ್ಣಕ್ಕೆ ತಿರುಗಿದರೆ ಪ್ರೊಟೀನು ಕೂತಿತು ಎಂದರ್ಥ. ಸೋಸುಕಾಗದದಲ್ಲಿ ಇಳಿಸಿದರೆ ನೀರಿನಂಥ ತಿಳಿ, ಅದರಲ್ಲಿ ಸಕ್ಕರೆ ಅಳೆಯುವುದು. 1919ರಲ್ಲಿ ಒಟ್ಟೊ ಫೋಲಿನ್ ಮತ್ತು ಸಿಯೆನ್ ವು ಬರೆದ ವಿಧಾನವಿದು, ಸಕ್ಕರೆ ಕಾಯಿಲೆಯವರ ರಕ್ತಪರೀಕ್ಷೆ ಎಷ್ಟೋ ದಶಕ ಇದರ ಮೇಲೆಯೇ ನಡೆಯಿತು. ಆ ವು ಮುಂದೆ ಪೀಕಿಂಗಿಗೆ ಮರಳಿ, ಮೊಟ್ಟೆ ಬೇಯಿಸಿದರೆ ಬಿಳಿಭಾಗ ಏಕೆ ಗಟ್ಟಿಯಾಗುತ್ತದೆ ಎಂಬುದಕ್ಕೆ 1931ರಲ್ಲಿ ಉತ್ತರ ಕೊಟ್ಟ: ಅಚ್ಚುಕಟ್ಟಾಗಿ ಮಡಿಸಿಟ್ಟ ಪ್ರೊಟೀನಿನ ಎಳೆ ಬಿಚ್ಚಿಹೋಗುತ್ತದೆ, ಬಿಚ್ಚಿದ ಎಳೆಗಳು ಒಂದಕ್ಕೊಂದು ಸಿಕ್ಕು ಬೀಳುತ್ತವೆ. ಇಂಥ ಮನುಷ್ಯನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಗಾಜಿನ ಟ್ಯೂಬಿಗೆ ಅಂಟಿಕೊಂಡು ಉಳಿದದ್ದು ಬೇಜಾರಿನ ವಿಷಯ.

ಅವರ ಇನ್ನೊಂದು ನೆನಪು 2008ರ ಕೊನೆಯದು. ಇದ್ದಕ್ಕಿದ್ದಂತೆ ಲೋಕದ ಲ್ಯಾಬುಗಳಿಗೆಲ್ಲ ಅಸಿಟೋನೈಟ್ರೈಲಿನ ಬರ. ಅದು ತಾನಾಗಿ ತಯಾರಾಗುವ ಸರಕಲ್ಲ. ಪ್ಲಾಸ್ಟಿಕ್ಕಿಗೂ ಬಟ್ಟೆಯ ನೂಲಿಗೂ ಬೇಕಾದ ಅಕ್ರಿಲೋನೈಟ್ರೈಲ್ ಮಾಡುವಾಗ ಜೊತೆಗೆ ಸಿಗುವ ಉಪಪದಾರ್ಥ. ಆರ್ಥಿಕ ಕುಸಿತದಲ್ಲಿ ಕಾರು ಕೊಳ್ಳುವವರು ಕಡಿಮೆಯಾದರು, ಕಾರಿನ ಪ್ಲಾಸ್ಟಿಕ್ ಬೇಡವಾಯಿತು, ಬೀಜಿಂಗ್ ಒಲಿಂಪಿಕ್ಸಿಗೆಂದು ಚೀನಾದ ಕಾರ್ಖಾನೆಗಳು ಬಾಗಿಲು ಹಾಕಿದವು, ಟೆಕ್ಸಾಸಿಗೆ ಚಂಡಮಾರುತ ಬಡಿಯಿತು. ‘ಎಲ್ಲೋ ಯಾರೋ ಕಾರು ತಗೊಳ್ಳಿಲ್ಲ ಅಂತ ನಾವಿಲ್ಲಿ ಮೆಥನಾಲಿಗೆ ಬಂದ್ವಿ’ ಎಂದು ನಕ್ಕು ಲೋಟ ಕೆಳಗಿಟ್ಟರು.

ಅಷ್ಟರಲ್ಲಿ ಒಳಗೆ ಸ್ವರ ಇಳಿಯತೊಡಗಿತು. ಮುಚ್ಚಳ ತೆರೆದರೆ ಪ್ರತಿ ಟ್ಯೂಬಿನ ಮೂಲೆಯಲ್ಲೂ ಒಂದು ಬಿಳಿ ಗಸಿ, ಅವರ ಬಾಯಲ್ಲಿ ಪೆಲೆಟ್ಟು. ಮೇಲೆ ನಿಂತದ್ದು ತಿಳಿ. ಕಣ್ಣಿಗೆ ನಾಲ್ಕೂ ತಿಳಿಯೇ. ಕಣ್ಣನ್ನು ನಂಬದ ಹುಡುಗಿ ಪ್ರತಿಯೊಂದರಿಂದ ಒಂದಿಷ್ಟು ತೆಗೆದು ನೀರಿಗೆ ಬೆರೆಸಿ, ಅದಕ್ಕೆ ಕಂದು ಬಣ್ಣದ ಒಂದು ದ್ರವ ಬಿಟ್ಟಳು. ಬ್ರಾಡ್‌ಫರ್ಡ್ ಪರೀಕ್ಷೆ, 1976ರದು. ಪ್ರೊಟೀನು ಇದ್ದರೆ ಕಂದು ನೀಲಿಯಾಗುತ್ತದೆ. ಬಣ್ಣ ಮೂಲತಃ ಉಣ್ಣೆಬಟ್ಟೆಗೆ ಹಾಕುವಂಥದ್ದು, ಕುಮಾಸಿ ಬ್ಲೂ. ಇಂಗ್ಲಿಷರು ಆಫ್ರಿಕಾದ ಕುಮಾಸಿ ಪಟ್ಟಣವನ್ನು ವಶಮಾಡಿಕೊಂಡ ಹುಮ್ಮಸ್ಸಿನಲ್ಲಿ ಇಟ್ಟ ಹೆಸರು. ಏನೂ ಮಾಡದ ಪ್ಲಾಸ್ಮಾ ಬಿದ್ದ ಟ್ಯೂಬು ಶಾಯಿ ಚೆಲ್ಲಿದ ಹಾಗೆ ಕಡುನೀಲಿಯಾಯಿತು. ಒಂದಕ್ಕೊಂದು ಹಾಕಿದ್ದ ಆ ಮಬ್ಬಿನದೂ ನೀಲಿಗೇ ತಿರುಗಿತು. ಉಳಿದವು ಕಂದುಬಣ್ಣದಿಂದ ಅಷ್ಟಾಗಿ ಕದಲಲಿಲ್ಲ. ಮೆಥನಾಲಿನದರಲ್ಲಿ ಮಾತ್ರ ಅಗಸೆ ಹೂವಿನಷ್ಟು ನೀಲಿಯ ಸುಳಿವು ಕಂಡಂತಾಯಿತು, ಅದೂ ಅವಳು ತೋರಿಸಿದ ಮೇಲೆ. 2003ರಲ್ಲಿ ಪೋಲ್ಸನ್ ಮತ್ತು ಸಂಗಡಿಗರು ಹೀಗೇ ಸಾಲಾಗಿಟ್ಟು ಅಳೆದು, ಪ್ಲಾಸ್ಮಾದ ಎರಡು ಪಟ್ಟು ಹಾಕಿದಾಗ ಅಸಿಟೋನೈಟ್ರೈಲ್, ಟಿಸಿಎ, ಸತುವಿನ ಸಲ್ಫೇಟ್ ಮೂರೂ ಶೇಕಡಾ 90ಕ್ಕಿಂತ ಹೆಚ್ಚು ಪ್ರೊಟೀನು ತೆಗೆಯುತ್ತವೆ ಎಂದು ಬರೆದಿದ್ದಾರೆ. ಪ್ರೊಟೀನು ಹೋದದ್ದು ಗೊತ್ತಾಯಿತು, ಔಷಧಿ ಉಳಿದಿದೆಯೇ? ಅದನ್ನು ಹೇಳುವುದು ಮೂಲೆಯ ಯಂತ್ರ, ಅದೂ ರಾತ್ರಿಯ ಹೊತ್ತಿಗೆ.

‘ಹಾಗಾದ್ರೆ ಈ ಬಿಳೀದು?’ ಎಂದೆ, ಪೆಲೆಟ್ಟು ತೋರಿಸಿ.

‘ಅದು ಕಸ, ಚಿಕ್ಕಮ್ಮ.’

ಬೇಳೆಯನ್ನು ಕಸ ಎನ್ನುವ ಮಾತು ಒಬ್ಬಟ್ಟು ಮಾಡುವವಳಿಗೆ ಒಪ್ಪಿಗೆಯಾಗುವುದು ಹೇಗೆ? ನನ್ನ ಮುಖ ನೋಡಿ ಹಿರಿಯರು ಎದ್ದುಹೋಗಿ ಫ್ರಿಜ್ಜಿನಿಂದ ಒಂದು ಡಬ್ಬಿ ತಂದರು. ಒಳಗೆ ಹಾಲಿನ ಪುಡಿಗಿಂತ ಹಳದಿಯಾದ ಹುಡಿ. ಲೇಬಲ್ಲಿನ ಮೇಲೆ ದನದ ಆಲ್ಬುಮಿನ್, ಅದರ ಕೆಳಗೆ ‘ಫ್ರ್ಯಾಕ್ಷನ್ ಫೈವ್’. ಐದನೆಯ ಪಾಲು. ಯಾರು, ಯಾವ ಗಂಟನ್ನು ಐದು ಪಾಲು ಮಾಡಿದರು? ಆ ಎರಡು ಪದಗಳ ಹಿಂದೆ ಹಾರ್ವರ್ಡಿನ ಎಡ್ವಿನ್ ಕೋನ್ ಇದ್ದಾನೆ. ಎರಡನೇ ಮಹಾಯುದ್ಧದ ಹೊತ್ತಿಗೆ ಗಾಯಾಳುಗಳಿಗೆ ರಕ್ತ ಸಾಗಿಸುವುದೇ ಕಷ್ಟವಾದಾಗ, ಪ್ಲಾಸ್ಮಾವನ್ನು ಸೊನ್ನೆಗಿಂತ ಕೆಳಗೆ ತಣ್ಣಗಿಟ್ಟು, ಮದ್ಯಸಾರವನ್ನು ಶೇಕಡಾ 8ರಿಂದ 40ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಹುಳಿಯನ್ನೂ ಜೊತೆಜೊತೆಗೆ ಹದಮಾಡುತ್ತ ಹೋದ. ಒಂದೊಂದು ಮೆಟ್ಟಿಲಲ್ಲಿ ಒಂದೊಂದು ಪ್ರೊಟೀನು ಇಳಿಯಿತು, ಐದನೆಯದರಲ್ಲಿ ಆಲ್ಬುಮಿನ್. ಮೊದಲ ಪ್ರಯತ್ನಗಳು ದನದ ರಕ್ತದಲ್ಲಿ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಸುಟ್ಟಗಾಯದ ನಾವಿಕರ ನರಕ್ಕೆ ಇಳಿದದ್ದು ಮನುಷ್ಯರ ರಕ್ತದಿಂದ ಹೀಗೆ ತೆಗೆದ ಆಲ್ಬುಮಿನ್. ಆಸ್ಪತ್ರೆಗಳ ಆಲ್ಬುಮಿನ್ ಬಾಟಲಿಗಳಲ್ಲಿ ಇವತ್ತಿಗೂ ಬಹಳಷ್ಟು ಬರುವುದು ಅದೇ ದಾರಿಯ ಪರಿಷ್ಕೃತ ರೂಪದಲ್ಲಿ. ಇವಳು ನಡುಹಗಲಲ್ಲಿ ಒಂದೇ ಏಟಿಗೆ ಸುರಿದು ಒಡೆದಳು. ಆತ ಚಳಿಯಲ್ಲಿ, ನಿಧಾನವಾಗಿ, ಪ್ರೊಟೀನಿನ ಮಡಿಕೆ ಬಿಚ್ಚದ ಹಾಗೆ ಇಳಿಸಿದ. ಆತನಿಗೆ ಬೇಕಾಗಿದ್ದು ಬೇಳೆ.

ಚಳಿಯೊಂದೇ ಸಾಕು ಎಂದು ತೋರಿಸಿದವಳೂ ಇದ್ದಾಳೆ. ಹೆಪ್ಪುಗಟ್ಟಿದ ಪ್ಲಾಸ್ಮಾವನ್ನು ಫ್ರಿಜ್ಜಿನ ತಂಪಿನಲ್ಲೇ ಮೆಲ್ಲಗೆ ಕರಗಿಸಿದರೆ ತಳದಲ್ಲಿ ಕರಗದೆ ಒಂದು ಬಿಳಿ ಪದರ ಉಳಿಯುತ್ತದೆ. ಸ್ಟ್ಯಾನ್‌ಫರ್ಡಿನ ಜುಡಿತ್ ಪೂಲ್ 1964ರಲ್ಲಿ ಅದನ್ನು ಚೆಲ್ಲದೆ ಪರೀಕ್ಷಿಸಿದಳು. ಗಾಯವಾದರೆ ರಕ್ತ ನಿಲ್ಲದ ಹಿಮೊಫೀಲಿಯಾದವರಿಗೆ ಬೇಕಾದ ಎಂಟನೇ ಅಂಶ ಅದರಲ್ಲೇ ಇತ್ತು. ಆಮೇಲೆ ಎಷ್ಟೋ ಮಕ್ಕಳು ಬದುಕಿದ್ದು ಆ ತಳದ ಪದರದಿಂದ.

ಉಪ್ಪಿನ ದಾರಿ ಇದಕ್ಕೂ ಹಳೆಯದು. ಪ್ರಾಗಿನಲ್ಲಿ ಹಾಫ್‌ಮೈಸ್ಟರ್ 1888ರಲ್ಲಿ ಮೊಟ್ಟೆಯ ಲೋಳೆಗೆ ಬಗೆಬಗೆಯ ಉಪ್ಪು ಹಾಕಿ, ಯಾವುದು ಎಷ್ಟು ಬಲವಾಗಿ ಪ್ರೊಟೀನನ್ನು ಹೊರಗೆ ತಳ್ಳುತ್ತದೆ ಎಂದು ಸಾಲು ಹಿಡಿದ. ನಮ್ಮ ರೈತರು ಗೊಬ್ಬರವೆಂದು ಹೊಲಕ್ಕೆ ಎರಚುವ ಅಮೋನಿಯಂ ಸಲ್ಫೇಟೇ ಲ್ಯಾಬಿನಲ್ಲೂ ಮೆಚ್ಚಿನ ಉಪ್ಪು. ಅರ್ಧ ತೃಪ್ತವಾಗುವಷ್ಟು ಹಾಕಿದರೆ ಗ್ಲಾಬ್ಯುಲಿನ್ ಇಳಿಯುತ್ತದೆ, ಆಲ್ಬುಮಿನ್ ಜಪ್ಪಯ್ಯ ಅಂದರೂ ಜಗ್ಗದು. ಪೂರ್ತಿ ಹಾಕಿದರೆ ಅದೂ ಇಳಿಯುತ್ತದೆ. ಇಳಿದದ್ದನ್ನು ಮತ್ತೆ ನೀರಿಗೆ ಹಾಕಿದರೆ ಏನೂ ಆಗಿಲ್ಲವೆಂಬಂತೆ ಕರಗುತ್ತದೆ. ರೋಗದ ವಿರುದ್ಧ ಕಾಯುವ ಪ್ರತಿಕಾಯಗಳೆಲ್ಲ ಇರುವುದು ಆ ಗ್ಲಾಬ್ಯುಲಿನ್ ಗುಂಪಿನಲ್ಲೇ.

ಹಿರಿಯರು ಕಿಟಕಿಯಾಚೆ, ಹೆಬ್ಬಾಳದ ದಿಕ್ಕಿಗೆ ಕೈ ತೋರಿಸಿದರು. ‘ಅಲ್ಲಿ ನೋಡಿ, ಅಲ್ಲಿ ನಡೆದಿದ್ದೂ ರಕ್ತದ ನೀರಿನ ಕೆಲಸಾನೇ.’ ಅಲ್ಲಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ 1925ರಲ್ಲಿ ಶುರುವಾದದ್ದು ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ. ಹಳ್ಳಿಗೆ ಹಳ್ಳಿಯ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗಕ್ಕೆ, ರೋಗವನ್ನು ಗೆದ್ದು ನಿಂತ ದನಗಳ ರಕ್ತದಿಂದ ಸೀರಂ ತೆಗೆದು ಬೇರೆ ದನಗಳಿಗೆ ಚುಚ್ಚುವುದಕ್ಕೆಂದೇ ಹುಟ್ಟಿದ ಜಾಗ. ಆ ಸೀರಮ್ಮಿನಲ್ಲಿ ಕೆಲಸ ಮಾಡುತ್ತಿದ್ದುದು ಇದೇ ಗ್ಲಾಬ್ಯುಲಿನ್. ಸೀರಂ ಹೋಗಿ ಲಸಿಕೆ ಬಂತು, ಕೊನೆಗೆ 2011ರಲ್ಲಿ ಆ ರೋಗವೇ ಭೂಮಿಯ ಮೇಲಿಂದ ಹೋಯಿತು ಎಂದು ಘೋಷಿಸಿದರು.

ಕರು ಹಾಕಿದ ಹಸುವಿನ ಮೊದಲ ಹಾಲು ಮನೆಗೆ ಬಂದರೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟು ಗಿಣ್ಣು ಮಾಡುತ್ತೇವಲ್ಲ, ಹುಳಿ ಹಾಕದೆ ಹೆಪ್ಪು ಹಾಕದೆ ಅದು ಗಟ್ಟಿಯಾಗುವುದೂ ಆ ಹಾಲಿನಲ್ಲಿ ಕಿಕ್ಕಿರಿದ ಪ್ರತಿಕಾಯಗಳಿಂದಲೇ. ಮಾಮೂಲಿ ಹಾಲು ಎಷ್ಟು ಕುದಿಸಿದರೂ ಹಾಗೆ ಕೂರುವುದಿಲ್ಲ. ಕರುವಿನ ಕಾವಲನ್ನು ನಾವು ಚಾಕುವಿನಿಂದ ಚೌಕ ಚೌಕ ಕತ್ತರಿಸಿ ತಿನ್ನುತ್ತೇವೆ ಎಂದು ಅವಳಿಗೆ ಹೇಳಿದೆ. ‘ಥೂ ಚಿಕ್ಕಮ್ಮ, ಇನ್ಮೇಲೆ ಗಿಣ್ಣು ಗಂಟಲಲ್ಲಿ ಇಳಿಯಲ್ಲ’ ಎಂದಳು. ಹೋದ ತಿಂಗಳು ನನ್ನ ಪಾಲಿನದನ್ನೂ ತಿಂದವಳು ಅವಳೇ.

ಮಧ್ಯಾಹ್ನ ಕಳೆಯಿತು. ತಿಳಿಗಳೆಲ್ಲ ಪುಟ್ಟ ಗಾಜಿನ ಸೀಸೆ ಸೇರಿ ಯಂತ್ರದ ತಟ್ಟೆಯಲ್ಲಿ ಕೂತವು. ಪೆಲೆಟ್ಟುಗಳ ಮೇಲೆ ಹೈಪೋಕ್ಲೋರೈಟ್ ಸುರಿದಾಗ ಈಜುಕೊಳದ ವಾಸನೆ ಎದ್ದು ಕೋಣೆಯ ಉಳಿದ ಘಾಟುಗಳನ್ನೆಲ್ಲ ಮುಳುಗಿಸಿತು. ಯಂತ್ರದ ಸೂಜಿ ಮೊದಲ ಸೀಸೆಗೆ ಇಳಿದು ಎದ್ದಿತು. ಪರದೆಯ ಮೇಲೆ ಒಂದು ಹಸಿರು ಗೆರೆ ನೆಲದ ಮೇಲೆ ಹರಿಯುವ ಹುಳುವಿನಂತೆ ಎಡದಿಂದ ಬಲಕ್ಕೆ ಸಾಗತೊಡಗಿತು, ಮೂವರೂ ಕುರ್ಚಿ ಎಳೆದುಕೊಂಡು ಕೂತೆವು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಕೆಳಗೆ ಹೊಲಿಗೆ ಯಂತ್ರ ನಿಂತಿತು, ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಉಸಿರು ಬಿಗಿಹಿಡಿದು ಎಲ್ಲರೂ ಗೆರೆಯನ್ನೇ ನೋಡುತ್ತಿದ್ದೆವು. ಗೆರೆ ಕಡಿಯಲಿಲ್ಲ. ನಾಲ್ಕನೇ ನಿಮಿಷ ದಾಟುತ್ತಿದ್ದಂತೆ ಅದು ನೆಟ್ಟಗೆ 
ಮೇಲೆದ್ದು, ಗೋಪುರದ ತುದಿ ಮುಟ್ಟಿ, ಹಾಗೇ ಕೆಳಗಿಳಿಯಿತು.

‘ಬಂತು’ ಎಂದಳು. ಕೈಗವಸು ಕಳಚಿ, ಹೊರಗಿನ ಕೋಣೆಗೆ ಹೋಗಿ ಕೈ ತೊಳೆದು, ಬೆಳಗಿನಿಂದ ಮುಟ್ಟದ ಊಟದ ಡಬ್ಬಿ ತೆರೆದಳು. ಮೊಸರನ್ನ, ನೆಂಚಿಕೊಳ್ಳಲು ಮಾವಿನಕಾಯಿ ಉಪ್ಪಿನಕಾಯಿ. ಮೊಸರು ಬೆಳಗಿನಿಂದ ಹಾಗೇ ಇದ್ದದ್ದಕ್ಕೆ ಹುಳಿ ಹಿಡಿದು, ಅಂಚಿನಲ್ಲಿ ತೆಳ್ಳಗೆ ನೀರು ಬಿಟ್ಟುಕೊಂಡಿತ್ತು. ಡಬ್ಬಿ ಓರೆ ಮಾಡಿ ಆ ನೀರನ್ನು ಸಿಂಕಿಗೆ ಬಗ್ಗಿಸಿ ಕಲಸಿಕೊಂಡಳು.